ಸೀಟಿನ ಒಳಮಗ್ಗುಲ ನಂಬರು

ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರ ನಮ್ಮವರ ದಿನಸಿ ಅಂಗಡಿಗಳ ಸಾಲು ಮುಗಿದ ಮೇಲೆ ಸಿಗುವ ಮೊದಲ ಓಣಿಯಲ್ಲಿ, ಒಂದು ಮನೆಯ ಮುಂದೆ ಆ ಬಿಳಿ ಕಾರು ನಿಂತಿತ್ತು. ಮಗಳು ಅನ್ವಿಗೆ ಕೆಲಸ ಸಿಕ್ಕಿ ಆರು ತಿಂಗಳಾಗಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬೇಕೆಂದು ಮೂರು ಶನಿವಾರಗಳಿಂದ ನನ್ನನ್ನು ಸುತ್ತಿಸುತ್ತಿದ್ದಾಳೆ. ಇಂಜಿನ್ ವಿಷಯದಲ್ಲಿ ನಾನು ಶುದ್ಧ ದಡ್ಡಿ. ಬಸಳೆ ಸೊಪ್ಪು, ಕುಚ್ಚಲಕ್ಕಿ ತುಂಬಿದ ಚೀಲ ಹಿಡಿದುಕೊಂಡು ಹಿಂದೆ ಹಿಂದೆ ಹೋಗುವುದಷ್ಟೇ ನನ್ನ ಕೆಲಸ. ಮಾರುವವರು ಪಂಜಾಬಿನ ಕಡೆಯ ಒಬ್ಬ ಅಂಕಲ್. ಬೆಳಗಿನಿಂದ ಬಿಸಿಲಲ್ಲಿ ಕಾದಿದ್ದ ಕಾರಿನ ಬಾಗಿಲನ್ನು ಅವರು ತೆಗೆದರು. ಒಳಗಿನಿಂದ ಚರ್ಮ, ಫೋಮು, ಅಂಟು ಮೂರೂ ಸೇರಿದ ಬಿಸಿ ವಾಸನೆ ಮುಖಕ್ಕೆ ಹೊಡೆಯಿತು.

ನಾನು ಚೀಲ ಕೆಳಗಿಟ್ಟೆ. ಹನ್ನೊಂದು ವರ್ಷ ನನ್ನ ತಲೆಗೂದಲಲ್ಲಿ, ಸ್ವೆಟರಿನಲ್ಲಿ, ಊಟದ ಡಬ್ಬಿಯಲ್ಲಿ ಇದ್ದ ವಾಸನೆ ಅದು. ಹೊರಗಿನಿಂದ ನೋಡಿದರೆ ನನಗೆ ಎಲ್ಲ ಕಾರೂ ಒಂದೇ. ಒಳಗೆ ನೋಡಿದರೆ ಹಾಗಲ್ಲ. ಸೀಟಿನ ಭುಜದ ಹತ್ತಿರ ಬಳಸಿ ಇಳಿದ ಆ ಜೋಡಿ ಹೊಲಿಗೆಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ನನ್ನ ಕೈ ತಾನಾಗಿಯೇ ಸೀಟಿನ ಬೆನ್ನ ಹಿಂದೆ, ಕೆಳಗಿನ ಅಂಚಿಗೆ ಹೋಯಿತು.

"ಅಮ್ಮ, ವಾಟ್ ಆರ್ ಯೂ ಡೂಯಿಂಗ್?" ಅಂದಳು ಅನ್ವಿ. ಕೇಳಿದಳೇ ಹೊರತು ಅವಳಿಗೂ ಗೊತ್ತಾಗಿತ್ತು. ಕಾರಿನ ಸೀಟಿಗೆ ನಾನು ಹೀಗೆ ಕೈ ಹಾಕಿದ್ದನ್ನು ಅವಳು ಹದಿಮೂರು ವರ್ಷದ ಹುಡುಗಿಯಾಗಿದ್ದಾಗ, ಮೆಲ್ಬರ್ನಿನಲ್ಲಿ, ಒಮ್ಮೆ ನೋಡಿದ್ದಳು. ಆ ವರ್ಷದ ಚಳಿಗಾಲದ ಕತೆ ಹೇಳದೆ ಇದು ಅರ್ಥವಾಗುವುದಿಲ್ಲ.

ನಾವಾಗ ಕ್ಲೇಟನ್ನಿನಲ್ಲಿದ್ದೆವು. ಒಂದು ಕಡೆ ಯೂನಿವರ್ಸಿಟಿ, ಇನ್ನೊಂದು ಕಡೆ ಆಸ್ಪತ್ರೆ, ನಡುವೆ ವಿದ್ಯಾರ್ಥಿಗಳು ತುಂಬಿದ ಬಾಡಿಗೆ ಮನೆಗಳು. ಅವುಗಳಲ್ಲಿ ಒಂದು ನಮ್ಮದು. ನನ್ನ ಗಂಡ ಸುಧಾಕರ ಯೂನಿವರ್ಸಿಟಿ ರೂಟಿನ ಬಸ್ ಓಡಿಸುತ್ತಿದ್ದರು. ನಾನು ಅಲ್ಲಿಂದ ಅರ್ಧ ಗಂಟೆ ದೂರದ ಒಂದು ಫ್ಯಾಕ್ಟರಿಯಲ್ಲಿ ಕಾರಿನ ಸೀಟಿಗೆ ಚರ್ಮದ ಕವರು ಹೊಲಿಯುತ್ತಿದ್ದೆ. ಕಾರು ಮಾಡುವ ದೊಡ್ಡ ಕಂಪನಿಗೆ ನಮ್ಮ ಸಣ್ಣ ಫ್ಯಾಕ್ಟರಿ ಸೀಟು ಕಳಿಸುತ್ತಿತ್ತು. ನನ್ನದು ಮುಂದಿನ ಸೀಟಿನ ಬೆನ್ನು. ಚರ್ಮಕ್ಕೆ ಸೂಜಿ ಒಮ್ಮೆ ಇಳಿದರೆ ಮುಗಿಯಿತು, ಬ್ಲೌಸಿನ ಹಾಗೆ ಬಿಚ್ಚಿ ಮತ್ತೆ ಹೊಲಿಯಲು ಬರುವುದಿಲ್ಲ. ತೂತು ಹಾಗೇ ಉಳಿಯುತ್ತದೆ. ಭುಜದ ತಿರುವಿನಲ್ಲಿ ಎರಡು ಸೂಜಿಯ ಮೆಷಿನ್ನನ್ನು ನಿಲ್ಲಿಸದೆ ಬಳಸಿ ತರಲು ನನಗೆ ಎರಡು ವರ್ಷ ಹಿಡಿದಿತ್ತು.

ಇದು ನನ್ನ ಗಂಡನಿಗೆ ಗೊತ್ತಿತ್ತು, ಮಗಳಿಗೆ ಅಷ್ಟಿಷ್ಟು ಗೊತ್ತಿತ್ತು. ಮೆಲ್ಬರ್ನಿನ ಕನ್ನಡದವರಿಗೆ ಗೊತ್ತಿರಲಿಲ್ಲ. ಕಾರ್ಕಳದಲ್ಲಿದ್ದ ನನ್ನ ಅಮ್ಮನಿಗೂ ಗೊತ್ತಿರಲಿಲ್ಲ.

ಸುಳ್ಳು ಹೇಳಬೇಕೆಂದು ಹೊರಟವಳಲ್ಲ ನಾನು. ಬಂದ ಹೊಸತರಲ್ಲಿ, ಯುಗಾದಿ ಊಟದ ಸಾಲಿನಲ್ಲಿ, ರಾಜಲಕ್ಷ್ಮಿ ಆಂಟಿ ಕೇಳಿದರು. ಮೈಸೂರಿನವರು, ನಮ್ಮ ಕನ್ನಡ ಸಂಘದ ಅಧ್ಯಕ್ಷರ ಹೆಂಡತಿ.

"ಎಲ್ಲಿ ವರ್ಕ್ ಮಾಡ್ತಿದೀರಾ ವಾರಿಜಾ?"

"ಕಾರಿನ ಕಂಪನಿಯಲ್ಲಿ ಆಂಟಿ."

"ಓ ನೈಸ್! ಆಫೀಸಲ್ಲಾ? ಕ್ವಾಲಿಟಿ ಸೈಡಾ?"

ಎಲೆಯ ಮೇಲೆ ಒಬ್ಬಟ್ಟು ಬಿತ್ತು. ನಾನು "ಹೂಂ" ಅಂದೆ. ಆ ಒಂದು ಹೂಂ ಹನ್ನೊಂದು ವರ್ಷ ನಡೆಯಿತು. ಆಮೇಲೆ ಯಾರಾದರೂ ಫ್ಯಾಕ್ಟರಿ ಎಂಬ ಮಾತೆತ್ತಿದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಸಂಘದ ಕಾರ್ಯಕ್ರಮಕ್ಕೆ ಹೋಗುವ ದಿನ ಬೆರಳಿನ ಗಾಯಗಳು ಕಾಣದಂತೆ ಸೆರಗು ಹಿಡಿದುಕೊಳ್ಳುತ್ತಿದ್ದೆ.

ಇದಕ್ಕೊಂದು ಹಿಂದಿನ ಕತೆ ಇದೆ. ನನ್ನ ಅಮ್ಮ ಊರಿನವರ ಬ್ಲೌಸ್ ಹೊಲಿದು ನನ್ನನ್ನು ಬಿ.ಕಾಂ. ಮಾಡಿಸಿದವಳು. ಪರೀಕ್ಷೆಯ ದಿನಗಳಲ್ಲಿ ನಾನು ಮೆಷಿನ್ನಿನ ಹತ್ತಿರ ಹೋದರೂ ಬಯ್ಯುತ್ತಿದ್ದಳು. "ಈ ಮೆಷಿನ್ನಲ್ಲಿ ಕೂತ್ಕೊಳ್ಳೂದು ನನ್ನೊಟ್ಟಿಗೇ ಮುಗೀಲಿ" ಎಂದು ಅವಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. (ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಫೋನಿನಲ್ಲಿ ಅವಳು, "ಆಫೀಸಲ್ಲಿ ಕೂತ್ಕೊಳ್ಳಿಕ್ಕೆ ಒಳ್ಳೆ ಕುರ್ಚಿ ಉಂಟಾ?" ಎಂದು ಕೇಳಿದರೆ, "ಉಂಟು ಅಮ್ಮ" ಅನ್ನುತ್ತಿದ್ದೆ. ಕುರ್ಚಿಯೇನೋ ಇತ್ತು.

ಸುಧಾಕರರಿಗೆ ಈ ನಾಟಕ ಹಿಡಿಸುತ್ತಿರಲಿಲ್ಲ. "ನಾನು ಬಸ್ ಓಡಿಸೂದು ಇಡೀ ಕ್ಲೇಟನ್ನಿಗೆ ಕಾಣ್ತದೆ. ಅಡಗಿಸ್ಲಿಕ್ಕೆ ಜಾಗವೇ ಇಲ್ಲ. ನಿನ್ನದು ಕಾಣೂದಿಲ್ಲ, ಅದೇ ನಿನ್ನ ಕಷ್ಟ ಮಾರಾಯ್ತಿ" ಎಂದು ನಗುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ದೊಡ್ಡ ಕಂಪನಿ ಈ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತದೆ. ನಮ್ಮ ಹೊಲಿಗೆ ಮೆಷಿನ್ನುಗಳು ಪೆಟ್ಟಿಗೆ ಸೇರಿ ಹೊರದೇಶದ ಇನ್ನೊಂದು ಫ್ಯಾಕ್ಟರಿಗೆ ಹೋಗುತ್ತವೆ. ಮ್ಯಾನೇಜರ್ ನಮ್ಮನ್ನೆಲ್ಲ ನಿಲ್ಲಿಸಿ ಕಾಗದ ನೋಡಿ ಓದಿದ. ನನ್ನ ಪಕ್ಕದ ಮೆಷಿನ್ನಿನ ಹೊವಾ ಮಾತ್ರ ಎದ್ದು ಹೋಗಲೇ ಇಲ್ಲ. ಹೊವಾ ವಿಯೆಟ್ನಾಮಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಭುಜದ ತಿರುವು ಕಲಿಸಿದ ನನ್ನ ಗುರು. ಕೈಯಲ್ಲಿದ್ದ ಕವರು ಮುಗಿಸಿ, ದಾರ ಕತ್ತರಿಸಿ, ಆಮೇಲೆ ತಲೆಯೆತ್ತಿ, "ಏನಂತೆ?" ಎಂದು ಕೇಳಿದಳು. ಹೇಳಿದೆ. ತನ್ನ ಫ್ಲಾಸ್ಕಿನಿಂದ ನನಗೆ ಚಹಾ ಸುರಿದು ಕೊಟ್ಟಳು. ನಮ್ಮಿಬ್ಬರ ಮುರುಕು ಇಂಗ್ಲಿಷಿನಲ್ಲಿ ಅಂಥದ್ದಕ್ಕೆಲ್ಲ ಮಾತಿರಲಿಲ್ಲ.

ಜೂನ್ ತಿಂಗಳಲ್ಲಿ, ಚಳಿ ಏರುತ್ತಿದ್ದಾಗ, ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಸರ್ಕಾರದ ಸಹಾಯ ಕೇಂದ್ರ ಶುರುವಾಯಿತು. ಕೆಲಸ ಕಳೆದುಕೊಳ್ಳುವವರಿಗೆ ಬೇರೆ ಕೆಲಸ ಹುಡುಕಿಕೊಡಲು, ಹೊಸ ಕೋರ್ಸು ಕಲಿಸಲು, ಕೈಗೆ ಬಂದ ವಿದ್ಯೆಗೆ ಸರ್ಟಿಫಿಕೇಟ್ ಕೊಡಿಸಲು. ಸರ್ಕಾರದ ಸಹಾಯವೆಂದರೆ ನನ್ನ ತಲೆಯಲ್ಲಿದ್ದದ್ದು ತಾಲ್ಲೂಕು ಕಚೇರಿಯ ಕಿಟಕಿ, ಅದರೊಳಗೆ ಊಟಕ್ಕೆ ಹೋದ ಗುಮಾಸ್ತ. ಇಲ್ಲಿ ನೋಡಿದರೆ ಬಿಸ್ಕತ್ತಿನ ತಟ್ಟೆ ಇಟ್ಟುಕೊಂಡು ಅವರೇ ನಮ್ಮನ್ನು ಕಾಯುತ್ತಿದ್ದಾರೆ! ನನಗೆ ಅನುಮಾನವೇ ಬಂತು. ಮೂವತ್ತು ವರ್ಷ ಒಂದೇ ಜಾಗದಲ್ಲಿ ದುಡಿದ ಗಂಡಸರು ಮೊದಲ ಸಲ ರೆಸ್ಯೂಮೆ ಬರೆಯಲು ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಬೆರಳಲ್ಲಿ ತಮ್ಮ ಹೆಸರು ಒತ್ತುತ್ತಿದ್ದರು.

ನನ್ನ ಪಾಲಿಗೆ ಬಂದ ಅಧಿಕಾರಿ ಕ್ಯಾರನ್. ಬೂದು ಕೂದಲು, ಕೊರಳಲ್ಲಿ ಎರಡು ಕನ್ನಡಕ. "ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ?" ಎಂದು ಕೇಳಿದಳು.

ನಾನು ಚೀಲದಿಂದ ಪ್ಲಾಸ್ಟಿಕ್ ಫೈಲು ತೆಗೆದು ನನ್ನ ಬಿ.ಕಾಂ. ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟೆ. ಪದವಿ ಬಂದ ವಾರವೇ ಅಮ್ಮ ಅದಕ್ಕೆ ದಪ್ಪ ಲ್ಯಾಮಿನೇಷನ್ ಮಾಡಿಸಿದ್ದಳು. ನಮ್ಮ ಕಡೆ ಅಮೂಲ್ಯವಾದ ಎಲ್ಲ ಕಾಗದಕ್ಕೂ ಅದೇ ಗತಿ. ಕ್ಯಾರನ್ ಅದರ ಮೇಲೆ ಬೆರಳಾಡಿಸಿದಳು. ಉಬ್ಬು ಮುದ್ರೆ ಕೈಗೆ ಸಿಗಬೇಕು, ಹೀಗೆ ಮುಚ್ಚಿಟ್ಟರೆ ಅಸಲಿಯೋ ನಕಲಿಯೋ ಎಂದು ತೋರಿಸುವುದು ಕಷ್ಟ ಅಂದಳು. ಆಮೇಲೆ ನನ್ನ ಬೆರಳುಗಳನ್ನು ನೋಡಿ, "ನೀವು ಮುಂದಿನ ಸೀಟು ಹೊಲಿಯುವವರಲ್ಲವೇ? ಮುಂದಿನ ತಿಂಗಳು ಪರೀಕ್ಷಕ ಇಲ್ಲಿಗೇ ಬರುತ್ತಾನೆ. ನೀವು ಕೆಲಸ ಮಾಡುವುದನ್ನು ನೋಡಿ, ಚರ್ಮದ ಹೊಲಿಗೆಯಲ್ಲಿ ನುರಿತವರು ಎಂದು ಸರ್ಟಿಫಿಕೇಟ್ ಕೊಡುತ್ತಾನೆ. ಹೆಸರು ಬರೆಯಲೇ?" ಎಂದು ಕೇಳಿದಳು.

ನಾನು ಬೇಡ ಅಂದೆ. ಆಫೀಸ್ ಅಡ್ಮಿನಿಸ್ಟ್ರೇಷನ್ ಕೋರ್ಸಿಗೆ ಹೆಸರು ಬರೆಸಿದೆ.

ಈಗ ನೆನೆದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಹನ್ನೊಂದು ವರ್ಷ ಹೇಳಿಕೊಂಡು ಬಂದ ಸುಳ್ಳನ್ನು ಸರ್ಕಾರದ ಖರ್ಚಿನಲ್ಲಿ ನಿಜ ಮಾಡಲು ಹೊರಟಿದ್ದೆ ನಾನು. ಜುಲೈಯಲ್ಲಿ ಪರೀಕ್ಷಕ ಬಂದ. ಹೊವಾ ಒಂದೇ ಉಸಿರಿಗೆ ತಿರುವು ಹೊಲಿದು ತೋರಿಸಿ, ಸರ್ಟಿಫಿಕೇಟ್ ಪಡೆದು, ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು. ಅವನು ನನ್ನ ಮೆಷಿನ್ನಿನ ಮುಂದೆ ಕ್ಷಣ ನಿಂತು, ಪಟ್ಟಿಯಲ್ಲಿ ಹೆಸರಿಲ್ಲವೆಂದು ಮುಂದೆ ಹೋದ. "ನೀನೇಕೆ ಹೆಸರು ಕೊಡಲಿಲ್ಲ?" ಎಂದು ಹೊವಾ ಕೇಳಿದಳು. "ನಾನು ಆಫೀಸಿಗೆ ಹೋಗುತ್ತೇನೆ" ಅಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ತನ್ನ ಕೆಲಸಕ್ಕೆ ತಿರುಗಿದಳು.

ಆಫೀಸ್ ಕೋರ್ಸಿನ ಸುಖ ಹೇಳತೀರದು. ವಾರಕ್ಕೆರಡು ಮಧ್ಯಾಹ್ನ, ಹೀಟರ್ ಕೆಟ್ಟ ಕೋಣೆಯಲ್ಲಿ, ಇಪ್ಪತ್ತು ವರ್ಷದ ಹುಡುಗಿಯರ ನಡುವೆ ನಾನು. ಮೀಟಿಂಗಿಗೆ ಕ್ಯಾಲೆಂಡರಿನಲ್ಲಿ ಜಾಗ ಹಿಡಿಯುವುದು, ಫೋನಿನಲ್ಲಿ ನಗುತ್ತಾ ಮಾತಾಡುವುದು. ಅಭ್ಯಾಸದ ಫೋನಿನಲ್ಲಿ ಟೀಚರು ಗಿರಾಕಿಯಾಗಿ ಸಿಡುಕಿದರೆ ನಾನು ಸಾರಿ ಎಂದು ಫೋನ್ ಇಟ್ಟುಬಿಡುತ್ತಿದ್ದೆ. ಹೊರಗೆ ಮೆಲ್ಬರ್ನ್ ತನ್ನ ಹಳೆಯ ಚಾಳಿಯಂತೆ ಒಂದೇ ದಿನದಲ್ಲಿ ನಾಲ್ಕು ಕಾಲ ತೋರಿಸುತ್ತಿತ್ತು. ಬಸ್ ಸ್ಟಾಪಿನಲ್ಲಿ ನಿಂತಾಗ ಗಾಳಿ ಸ್ವೆಟರಿನೊಳಗೆ ನುಗ್ಗಿ ಹೊರಬರುತ್ತಿತ್ತು. ಒಮ್ಮೊಮ್ಮೆ ಬರುವ ಬಸ್ಸು ಸುಧಾಕರರದ್ದೇ ಆಗಿರುತ್ತಿತ್ತು. "ಬನ್ನಿ ಮ್ಯಾನೇಜರ್ ಮೇಡಂ" ಎಂದು ಬಾಗಿಲು ತೆಗೆಯುತ್ತಿದ್ದರು. ನಾನು ಸಿಟ್ಟಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದೆ.

ಆಗಸ್ಟಿನಲ್ಲಿ ನಮ್ಮ ಹೊಲಿಗೆಯ ಲೈನು ನಿಂತಿತು. ಮೆಷಿನ್ನುಗಳನ್ನು ಮರದ ಪೆಟ್ಟಿಗೆಗೆ ಇಳಿಸುವ ದಿನ ಹೊವಾ ಬಟ್ಟೆ ತಂದು ತನ್ನ ಮೆಷಿನ್ನನ್ನು ಒರೆಸಿದಳು, ಎಣ್ಣೆ ಹಾಕಿದಳು. ಅದು ಹೋಗುವ ಊರಲ್ಲಿ ಯಾರೋ ಒಬ್ಬಳು ಕೂರುತ್ತಾಳಲ್ಲ, ಅವಳಿಗೆ ಮೊದಲ ದಿನವೇ ತೊಂದರೆಯಾಗಬಾರದು ಎಂಬುದು ಅವಳ ಲೆಕ್ಕ. ನಾನೂ ನನ್ನದಕ್ಕೆ ಎಣ್ಣೆ ಹಾಕಿದೆ. ಕೀಲುಗಳಿಗೆ ಎಣ್ಣೆ ಬಿಡುವಾಗ ಅಳು ಬಂತು. ಅತ್ತುಬಿಟ್ಟೆ.

ಅದಾದ ವಾರದಲ್ಲಿ ಕ್ಯಾರನ್ ಫೋನ್ ಮಾಡಿದಳು. ಸಿಡ್ನಿಯಲ್ಲಿ, ಪ್ಯಾರಮಟ್ಟಾದ ಕಡೆ, ರೈಲಿನ ಸೀಟು ಹೊಲಿಯುವ ಒಂದು ವರ್ಕ್‌ಶಾಪಿಗೆ ಜನ ಬೇಕಂತೆ. ಪರ್ಮನೆಂಟ್ ಕೆಲಸ. ಊರು ಬಿಟ್ಟು ಹೋಗುವವರಿಗೆ ಸಾಮಾನು ಸಾಗಿಸಲು ಸರ್ಕಾರದ ನೆರವೂ ಇದೆ. ಆದರೆ ನುರಿತ ಕೆಲಸದ ಸರ್ಟಿಫಿಕೇಟ್ ಕಡ್ಡಾಯ. "ನಿಮ್ಮ ಫ್ಯಾಕ್ಟರಿ ಕೊಟ್ಟ ಪತ್ರದಲ್ಲಿ ಬರೀ ಕಾರ್ಮಿಕೆ ಎಂದಿದೆ, ಅದು ಸಾಲದು" ಅಂದಳು.

ಆ ಕೆಲಸ ನನಗೆ ಬೇಕೇ ಬೇಕು ಅನಿಸಿತು. ಮೆಷಿನ್ನಿನ ಮುಂದೆ ಕೂರಬೇಕು, ಇನ್ನೇನೂ ಬೇಡ ಎಂಬುದು ನನಗೆ ಅರ್ಥವಾದದ್ದೇ ಆಗ. ಹಸಿವು ಗೊತ್ತಾಗಬೇಕಾದರೆ ತಟ್ಟೆ ತೆಗೆದಿಡಬೇಕು ನೋಡಿ.

ಪರೀಕ್ಷಕ ಕೊನೆಯ ಸಲ ಬರುವುದು ಸೆಪ್ಟೆಂಬರಿನ ಒಂದು ಸೋಮವಾರ. ಅವನು ತರುವ ಮೆಷಿನ್ನಿನಲ್ಲಿ ಹೊಲಿದು ತೋರಿಸಬಹುದು. ಅದರ ಜೊತೆಗೆ, ಪೂರ್ತಿಯಾದ ಸೀಟನ್ನು ನಾನೇ ಹೊಲಿದದ್ದು ಎಂಬುದಕ್ಕೆ ಸಾಕ್ಷಿ ಬೇಕು. ಉಳಿದವರದ್ದನ್ನು ಅವನು ಲೈನಿನಲ್ಲೇ ಕಣ್ಣಾರೆ ನೋಡಿದ್ದ. ನನಗೆ ಲೈನೇ ಇರಲಿಲ್ಲ. ಒಳಗೆ ಫೋನ್ ಒಯ್ಯುವಂತಿರಲಿಲ್ಲವಾದ್ದರಿಂದ ಒಂದು ಫೋಟೋ ಕೂಡ ಇರಲಿಲ್ಲ.

ದಾರಿ ತೋರಿಸಿದವಳು ಹೊವಾ. "ನಮ್ಮ ನಂಬರು ಒಳಗಿದೆಯಲ್ಲ" ಅಂದಳು. ನಿಜ. ಬೆನ್ನಿನ ಕವರಿನ ಕೆಳ ಅಂಚಿನ ಒಳಮಗ್ಗುಲಿಗೆ, ಉಗುರಿನಷ್ಟು ಅಗಲದ ಬಟ್ಟೆಯ ಚೀಟಿಯನ್ನು ಸೇರಿಸಿ ಹೊಲಿಯುವುದು ಪದ್ಧತಿ. ದೋಷ ಬಂದರೆ ಯಾರದ್ದೆಂದು ಗೊತ್ತಾಗಲು ಹೊಲಿದವರ ನಂಬರು. ನನ್ನದು ಮೂವತ್ತೊಂಬತ್ತು, ಹೊವಾಳದ್ದು ನಲವತ್ತು. ಅಂಥ ಸಾವಿರಾರು ಚೀಟಿಗಳು ಈ ದೇಶದ ರಸ್ತೆಗಳಲ್ಲಿ ಓಡಾಡುತ್ತಿದ್ದವು. ಆದರೆ ಸೀಟು ಹೊಲಿಯುವ ನಮ್ಮಲ್ಲಿ ಯಾರ ಹತ್ತಿರವೂ ಆ ಕಾರು ಇರಲಿಲ್ಲ. ನನಗೆ ಗುರುತಿದ್ದ ಒಂದೇ ಒಂದು ಕಾರು ರಾಜಲಕ್ಷ್ಮಿ ಆಂಟಿಯದ್ದು. ಮೂರು ವರ್ಷದ ಹಿಂದೆ ಹೊಸದಾಗಿ ಕೊಂಡಾಗ ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದು, "ಸೀಟ್ ಎಷ್ಟು ಕಂಫರ್ಟಬಲ್ ಅಲ್ವಾ?" ಎಂದು ಕೇಳಿದ್ದರು.

ಆ ಸೋಮವಾರದ ಹಿಂದಿನ ದಿನ ಸಂಘದ ಗಣೇಶನ ಹಬ್ಬ. ಶನಿವಾರ ಇಡೀ ದಿನ ನಾನು ಹಾವೂ ಸಾಯದ, ಕೋಲೂ ಮುರಿಯದ ಉಪಾಯ ಹುಡುಕಿದೆ. ಕಾರಿನಲ್ಲಿ ಓಲೆ ಬಿತ್ತು ಎನ್ನಲೇ? ಹುಡುಕುವ ನೆಪದಲ್ಲಿ ಕೈ ಹಾಕಲೇ? ಸುಧಾಕರ ಕಾಯಿ ತುರಿಯುತ್ತಾ ಕೇಳಿಸಿಕೊಂಡರು.

"ನಾಲ್ಕು ಜನ ಮುಂದಿನ ಸೀಟು ಹೊಲಿತಿದ್ದದ್ದು ಅಲ್ವಾ? ಅದರಲ್ಲಿ ನಿನ್ನದೇ ಆಗ್ಬೇಕಂತ ಎಂತ ಉಂಟು?" ಅಂದರು.

"ಇಲ್ಲ. ಆಗದೆಯೂ ಇರಬಹುದು."

"ಹಾಗಾದ್ರೆ ಮರ್ಯಾದೆ ಹೋಗೂದು ಗ್ಯಾರಂಟಿ, ನಂಬರ್ ಸಿಗೂದು ಡೌಟು." ತುರಿಮಣೆ ಬದಿಗಿಟ್ಟು ನನ್ನ ಕಡೆ ನೋಡಿದರು. "ಆದ್ರೂ ಕೇಳು ವಾರಿಜಾ. ನನಗೆ ಬಸ್ ಎಲ್ಲಾ ಊರಲ್ಲೂ ಸಿಕ್ತದೆ. ಸಿಡ್ನಿಯಲ್ಲೂ ರಸ್ತೆ ಉಂಟು."

ಹಬ್ಬ ಒಂದು ಶಾಲೆಯ ಹಾಲಿನಲ್ಲಿ. ಹೊರಗೆ ಹೊಸ ಬಿಸಿಲು, ಗಾಳಿ ಮಾತ್ರ ಇನ್ನೂ ಚಳಿಗಾಲದ್ದೇ. ಮಂಗಳಾರತಿ ಆಗಿ ಊಟಕ್ಕೆ ಸಾಲು ನಿಂತಾಗ ರಾಜಲಕ್ಷ್ಮಿ ಆಂಟಿ ಕಾರಿನಿಂದ ಹಣ್ಣಿನ ಬುಟ್ಟಿ ತರಲು ಹೊರಗೆ ಬಂದರು. ನಾನು ಹಿಂದೆಯೇ ಹೋದೆ. ಅನ್ವಿ ನನ್ನ ಹಿಂದೆ.

"ಆಂಟಿ, ಒಂದು ಉಪಕಾರ ಆಗ್ಬೇಕಿತ್ತು. ನಿಮ್ಮ ಕಾರಿನ ಸೀಟಿನ ಕವರು ಸ್ವಲ್ಪ ಬಿಚ್ಚಿ ನೋಡ್ಬೇಕು."

ಅವರು ಗಾಬರಿಯಾದರು. "ಯಾಕಮ್ಮಾ, ಏನಾದ್ರೂ ಡಿಫೆಕ್ಟಾ? ಓ, ನೀವು ಕ್ವಾಲಿಟಿ ಅಲ್ವಾ? ಆಫೀಸಿಂದ ಚೆಕ್ ಮಾಡೋಕೆ ಹೇಳಿದಾರಾ?"

ನಾನು ಕೇಳದೆಯೇ ಸುಳ್ಳಿಗೆ ದಾರಿ ಮಾಡಿಕೊಟ್ಟಿದ್ದರು. ಮೊದಲ ಸಲವೂ ಹೀಗೆಯೇ ಆದದ್ದು. ಇನ್ನೊಂದು ಹೂಂ ಅಂದರೆ ಸಾಕು: ಚೀಟಿಯೂ ಸಿಗುತ್ತದೆ, ಮಾನವೂ ಉಳಿಯುತ್ತದೆ. ಹೂಂ ಎಂಬುದು ತುದಿನಾಲಗೆಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಪಕ್ಕದಲ್ಲಿ ಅನ್ವಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಆ ವರ್ಷ ಶಾಲೆಯ ಫಾರಂ ಒಂದರಲ್ಲಿ ತಾಯಿಯ ಕೆಲಸ ಎಂಬಲ್ಲಿ ಅವಳು "ಆಫೀಸ್" ಎಂದು ಬರೆದದ್ದನ್ನು ನಾನು ನೋಡಿದ್ದೆ. ನಾನು ಹೇಳಿಕೊಟ್ಟಿರಲಿಲ್ಲ. ನೋಡಿ ಕಲಿತಿದ್ದಳು.

"ಅಲ್ಲ ಆಂಟಿ" ಅಂದೆ. "ನಾನು ಆಫೀಸಿನಲ್ಲಿ ಇರ್ಲೇ ಇಲ್ಲ. ನಾನು ಸೀಟು ಹೊಲಿಯುವವಳು. ಹನ್ನೊಂದು ವರ್ಷ ಹೊಲ್ದೆ. ನಿಮ್ಮ ಸೀಟು ನಾನೇ ಹೊಲ್ದದ್ದು ಆಗಿದ್ರೆ ಒಳಗೆ ನನ್ನ ನಂಬರು ಉಂಟು. ನಾಳೆ ಅದರ ಫೋಟೋ ತೋರಿಸಿದ್ರೆ ನನಗೊಂದು ಸರ್ಟಿಫಿಕೇಟ್ ಸಿಕ್ತದೆ."

ಅಷ್ಟರಲ್ಲಿ ಎಲೆ ಸಾಲದೆಂದು ಹೇಳಲು ಬಂದ ಇಬ್ಬರು ಹೆಂಗಸರು ಅಲ್ಲೇ ನಿಂತುಬಿಟ್ಟರು. ಆಂಟಿ ನನ್ನನ್ನೇ ನೋಡಿದರು. ನಾನು ಹೆದರಿದ್ದ ತಾತ್ಸಾರ ಆ ಮುಖದಲ್ಲಿರಲಿಲ್ಲ, ನೋವಿತ್ತು. "ಇಷ್ಟು ವರ್ಷ ನನ್ನ ಹತ್ರ ಹೇಳ್ಲಿಲ್ವಲ್ಲ ವಾರಿಜಾ" ಅಂದರು. ಅವರು ರಿಮೋಟ್ ಒತ್ತಿದರು, ಕಾರು ಕೀಂ ಎಂದಿತು.

ಮೊದಲು ಡ್ರೈವರ್ ಸೀಟು. ಬೆನ್ನ ಹಿಂದೆ ಮೊಣಕಾಲೂರಿ, ಪ್ಲಾಸ್ಟಿಕ್ ಕೊಕ್ಕೆಯನ್ನು ಹೆಬ್ಬೆರಳಲ್ಲಿ ಒತ್ತಿ ಜಾರಿಸಿದೆ. ಕವರು ಬಾಯಿ ಬಿಟ್ಟಿತು. ಅನ್ವಿ ಫೋನಿನ ಬೆಳಕು ಹಿಡಿದಳು. ಚೀಟಿಯಲ್ಲಿ ನಲವತ್ತೆರಡು. ನನ್ನದಲ್ಲ.

ಸೀರೆಯ ನೆರಿಗೆಗೆ ಡಾಂಬರಿನ ಧೂಳು ಮೆತ್ತಿತ್ತು. ಎದ್ದು ಆ ಕಡೆಗೆ ಬರುವಾಗ ನೋಡಿದರೆ ಐದಾರು ಜನ ಸೇರಿದ್ದರು, ಅಧ್ಯಕ್ಷರೂ ಇದ್ದರು. ಎಡಗಡೆಯ ಸೀಟಿನ ಕೊಕ್ಕೆ ಬಿಗಿಯಾಗಿತ್ತು. ಎರಡು ಸಲ ಜಾರಿತು, ಉಗುರು ಮುರಿಯಿತು. ಮೂರನೆಯ ಸಲ ಬಿಚ್ಚಿಕೊಂಡಿತು. ನಾನು ಕಣ್ಣು ಮುಚ್ಚಿಕೊಂಡೆ.

"ಅಮ್ಮ" ಅಂದಳು ಅನ್ವಿ, "ಥರ್ಟಿ ನೈನ್. ಅದು ನೀನು." ಅವಳು ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲಿ ಹೇಳಿದ ಆ ಎರಡು ಪದ ಈಗಲೂ ನನ್ನ ಕಿವಿಯಲ್ಲಿದೆ.

ನಾನು ಅಲ್ಲೇ, ಆ ಕಾರಿನ ನೆಲದಲ್ಲೇ ಕೂತೆ. ಅನ್ವಿ ಚೀಟಿಯದ್ದು, ಹೊಲಿಗೆಯದ್ದು, ನನ್ನ ಕೈ ಚೀಟಿಯ ಪಕ್ಕದಲ್ಲಿರುವುದು, ಹೀಗೆ ಹತ್ತಾರು ಫೋಟೋ ತೆಗೆದಳು. ರಾಜಲಕ್ಷ್ಮಿ ಆಂಟಿ ಬಗ್ಗಿ ನೋಡಿದರು. "ಹಾಗಾದ್ರೆ ಮೂರು ವರ್ಷದಿಂದ ನಮ್ಮೆಜಮಾನ್ರು ನಿಮ್ಮ ಕೆಲಸದ ಮೇಲೆ ಒರಗಿಕೊಂಡು ಗೊರಕೆ ಹೊಡೀತಿದಾರೆ ಅನ್ನಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮೂಗು ಒರೆಸಿಕೊಳ್ಳುತ್ತಾ. ಆಮೇಲೆ ಅವರು ದನಿ ತಗ್ಗಿಸಿ, "ಬ್ಲೌಸೂ ಹೊಲೀತೀರಾ?" ಎಂದು ಕೇಳಿದರು. ಹನ್ನೊಂದು ವರ್ಷ ನಾನು ಹೆದರಿದ್ದು ಇದೇ ಪ್ರಶ್ನೆಗೆ. ಮರುವಾರ ಮೂರು ಬ್ಲೌಸ್ ಪೀಸು ಮನೆಗೆ ಬಂದವು. ಎಲ್ಲರೂ ಹೀಗೆಯೇ ಇದ್ದರೆಂದು ಹೇಳಲಾರೆ. ಒಬ್ಬಿಬ್ಬರು ಆ ದಿನದಿಂದ ನನ್ನ ಜೊತೆ ಬಿಡಿಸಿ ಬಿಡಿಸಿ, ನನಗೆ ಕಿವಿ ಕೇಳದೇನೋ ಎಂಬಂತೆ ಮಾತಾಡತೊಡಗಿದರು. ಇರಲಿ.

ಸೋಮವಾರ ಪರೀಕ್ಷಕ ಫೋಟೋ ನೋಡಿದ, ಫ್ಯಾಕ್ಟರಿಯ ಪಟ್ಟಿಯಲ್ಲಿ ಮೂವತ್ತೊಂಬತ್ತು ಯಾರೆಂದು ತಾಳೆ ಹಾಕಿದ, ಒಂದು ತುಂಡು ಚರ್ಮ ಕೊಟ್ಟ. ನಿಲ್ಲಿಸದೆ ತಿರುವು ಹೊಲಿದೆ, ಸರ್ಟಿಫಿಕೇಟ್ ಸಿಕ್ಕಿತು. ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಹಿಂದಿನಿಂದ ತಮ್ಮನ ಮಕ್ಕಳ ಗಲಾಟೆ ಕೇಳುತ್ತಿತ್ತು. ಅಮ್ಮ ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದು ಕಾದೆ.

"ಎರಡು ಸೂಜಿದಾ ಮೆಷಿನ್ನು?" ಎಂದು ಕೇಳಿದಳು.

"ಹೌದಮ್ಮ."

"ದಿನಾ ಎಣ್ಣೆ ಹಾಕ್ತಿದ್ದಿಯಲ್ಲ?"

"ಹಾಕ್ತಿದ್ದೆ."

"ಹಾಗಾದ್ರೆ ಸರಿ" ಅಂದಳು. ಆಮೇಲೆ, "ನನಗೆ ಚರ್ಮ ಹೊಲಿಲಿಕ್ಕೆ ಬರೂದಿಲ್ಲ" ಅಂದಳು. ಅವಳ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಅದು ನನ್ನ ಊಹೆಯಲ್ಲ, ನನಗೆ ನನ್ನ ಅಮ್ಮ ಗೊತ್ತು. ಈಗ್ಗೆ ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಅದಕ್ಕೆ ಮೊದಲು ರೈಲಿನ ಸೀಟಿನ ಒಂದು ತುಂಡು ಬಟ್ಟೆಯನ್ನು ಕೇಳಿ ತರಿಸಿಕೊಂಡು, ಹೊಲಿಗೆ ಎಣಿಸಿ ನೋಡಿದ್ದಳು.

ನವೆಂಬರಿನಲ್ಲಿ ನಾವು ಸಿಡ್ನಿಗೆ ಬಂದೆವು. ಹೊವಾ ಬರಲಿಲ್ಲ. ಸರ್ಟಿಫಿಕೇಟ್ ನನಗಿಂತ ಮೊದಲೇ ಅವಳ ಪರ್ಸಿನಲ್ಲಿತ್ತು, ಕೈಕೆಲಸವೂ ನನ್ನದಕ್ಕಿಂತ ಮೇಲು. ಆದರೆ ಅವಳ ಗಂಡ ಹಾಸಿಗೆ ಹಿಡಿದಿದ್ದ, ಊರು ಬಿಡುವಂತಿರಲಿಲ್ಲ. ಸಹಾಯ ಕೇಂದ್ರದವರು ಅವಳಿಗೆ ಎರಡು ಕೋರ್ಸು ಮಾಡಿಸಿದರು. ಕೊನೆಗೆ ಸಿಕ್ಕಿದ್ದು ಒಂದು ಶಾಪಿಂಗ್ ಸೆಂಟರಿನಲ್ಲಿ ನೆಲ ಒರೆಸುವ ಕೆಲಸ. ಕ್ಯಾರನ್ ಒಳ್ಳೆಯವಳು, ಬಿಸ್ಕತ್ತೂ ಒಳ್ಳೆಯದಿತ್ತು, ಆದರೆ ಆ ಕೋಣೆಯಿಂದ ಎಲ್ಲರೂ ನನ್ನಂತೆ ನಗುತ್ತಾ ಹೊರಬರಲಿಲ್ಲ. ಪ್ಯಾರಮಟ್ಟಾದಲ್ಲಿ ರೈಲು ಹತ್ತಿ ನಾನೇ ಹೊಲಿದ ಸೀಟಿನಲ್ಲಿ ಕೂತಾಗ ಹೊವಾಳ ನೆನಪಾಗುತ್ತದೆ. ಇಲ್ಲಿ ಸೀಟಿನ ಒಳಗೆ ಯಾರ ನಂಬರೂ ಇರುವುದಿಲ್ಲ.

ಪೆಂಡಲ್ ಹಿಲ್ಲಿನ ಓಣಿಯಲ್ಲಿ ಪಂಜಾಬಿ ಅಂಕಲ್ ನನ್ನ ಕೈ ನೋಡಿ ತಪ್ಪು ತಿಳಿದರು. "ಸೀಟು ಹಳೆಯದಾಗಿದೆ ಅಂತ ಯೋಚನೆಯೇ ಬೆಹೆನ್‌ಜೀ? ಹೊಸ ಕವರು ಹಾಕಿಸಿ, ಅಗ್ಗಕ್ಕೆ ಸಿಗುತ್ತದೆ" ಎಂದು ಹಿಂದಿಯಲ್ಲಿ ಹೇಳಿದರು.

ಅನ್ವಿ ತಲೆಯೆತ್ತಿದಳು. "ನೋ ಅಂಕಲ್. ಮೈ ಮಮ್ ಯೂಸ್ಡ್ ಟು ಮೇಕ್ ದೀಸ್. ಇನ್ ದಿ ಫ್ಯಾಕ್ಟರಿ." ಟೈರು ಒದ್ದು ನೋಡುತ್ತಾ, ಮಳೆ ಬರಬಹುದು ಎನ್ನುವಷ್ಟು ಸಹಜವಾಗಿ ಹೇಳಿದಳು.

ಕೊಕ್ಕೆ ಬಿಚ್ಚಿಕೊಂಡಿತು. ಅನ್ವಿ ಬಂದು ಫೋನಿನ ಬೆಳಕು ಹಿಡಿದಳು, ಆ ದಿನದ ಹಾಗೆಯೇ. ಚೀಟಿ ಹಳದಿ ತಿರುಗಿತ್ತು. ಅಕ್ಷರ ಮಾಸಿರಲಿಲ್ಲ.

"ನಿನ್ನದಾ ಅಮ್ಮ?"

ನಲವತ್ತು. ನಾನು ಹೆಬ್ಬೆರಳಿನಿಂದ ಭುಜದ ತಿರುವನ್ನು ಮೇಲಿನಿಂದ ಕೆಳಗಿನವರೆಗೂ ಸವರಿದೆ. ಇಷ್ಟು ವರ್ಷ ಯಾರು ಯಾರೋ ಒರಗಿದ್ದಾರೆ, ಒಂದು ಹೊಲಿಗೆಯೂ ಸಡಿಲವಾಗಿರಲಿಲ್ಲ.

"ನನ್ನದಲ್ಲ, ಹೊವಾಳದ್ದು" ಅಂದೆ. "ನನ್ನದಕ್ಕಿಂತ ಒಳ್ಳೆದುಂಟು. ಇದನ್ನೇ ತಗೊ."